ಮಗಳು ಗೋಡೆ ತುಂಬ ಶಿಲುಬೆ ಬರೆಯುತ್ತಾಳೆ, ಅಕ್ಷರ ಮಾತ್ರ ಬರೆಯಲ್ಲ

ಪ್ರಶ್ನೆ: ನನ್ನ ಮಗಳಿಗೆ ನಾಲ್ಕೂಮುಕ್ಕಾಲು ವರ್ಷ. ಟೀಚರುಗಳು ಒಳ್ಳೆಯವರು ಅಂತ ಕೇಳಿ ಒಂದು ಕ್ಯಾಥೊಲಿಕ್ ಶಾಲೆಯ ಕಿಂಡರ್‌ಗಾರ್ಟನ್‌ಗೆ ಸೇರಿಸಿದೆವು. ನಾವು ಕ್ರೈಸ್ತರಲ್ಲ. ನಾಲ್ಕು ತಿಂಗಳಾಯಿತು, ಪುಸ್ತಕದಲ್ಲಿ ಒಂದು ಅಕ್ಷರ ಇಲ್ಲ. ‘ಇವತ್ತೇನು ಮಾಡಿದೆ’ ಅಂತ ಕೇಳಿದರೆ ಒಂದು ದಿನ ‘ನೀರು ಸುರಿದೆ’, ಇನ್ನೊಂದು ದಿನ ‘ಹುಳ ನೋಡಿದೆ’, ಮತ್ತೊಂದು ದಿನ ‘ಸುಮ್ನೆ ಕೂತ್ಕೊಂಡ್ವಿ’. ಪಕ್ಕದ ಮನೆಯ ಅದೇ ವಯಸ್ಸಿನ ಹುಡುಗ ಆಗಲೇ 100ರವರೆಗೆ ಬರೆಯುತ್ತಾನೆ. ಇವಳು ಊಟಕ್ಕೆ ಮುಂಚೆ ಕೈ ಜೋಡಿಸುತ್ತಾಳೆ. ಕಾಗದ, ಗೋಡೆ, ಫ್ರಿಜ್ ಬಾಗಿಲು, ಎಲ್ಲ ಕಡೆ ಶಿಲುಬೆ ಬರೆಯುತ್ತಾಳೆ. ‘ಓದೂ ಇಲ್ಲ, ನಮ್ಮ ಧರ್ಮವೂ ಹೋಯ್ತು’ ಅಂತ ಮನೆಯ ಹಿರಿಯರ ಗೊಣಗಾಟ. ಶಾಲೆ ಬದಲಾಯಿಸಬೇಕಾ? ಇನ್ನೊಂದು ಚಿಕ್ಕ ವಿಷಯ. ಶಾಲೆಯಿಂದ ಲೋಟದಲ್ಲಿ ಕಾಳು ಹಾಕಿ ತಂದಿದ್ದಳು. ಅದು ಮೊಳೆಯಲಿಲ್ಲ. ಅಳುತ್ತಾಳಲ್ಲ ಅಂತ ಅವಳು ಮಲಗಿದ ಮೇಲೆ ಮೊಳಕೆ ಬಂದ ಬೇರೆ ಕಾಳು ಇಟ್ಟುಬಿಟ್ಟೆ. ತಪ್ಪು ಮಾಡಿದೆನಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯ ಒಂದೇ ಗಂಟಿನಲ್ಲಿ ಸೇರಿಕೊಂಡಿವೆ. ಆಗಬೇಕಾದ್ದು ಆಗುತ್ತಿಲ್ಲ ಅನ್ನುವುದು ಒಂದು. ಆಗಬಾರದ್ದೇನೋ ಆಗುತ್ತಿದೆ ಅನ್ನುವುದು ಇನ್ನೊಂದು. ಬಿಡಿಸಿ ನೋಡಿದರೆ ಎರಡೂ ಅಷ್ಟು ದೊಡ್ಡವಲ್ಲ. ಆದರೆ ಎರಡನೆಯದರಲ್ಲಿ ನೀವು ಕೇಳದೆ ಬಿಟ್ಟ ಒಂದು ವಿಷಯ ಇದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಫ್ರಿಜ್ ಬಾಗಿಲಿನ ಶಿಲುಬೆ.

ಮಕ್ಕಳ ಕೈ ಗೆರೆ ಕಲಿಯುವುದಕ್ಕೆ ಒಂದು ಕ್ರಮ ಇದೆ. 2ರಿಂದ 3 ವರ್ಷದೊಳಗೆ ಉದ್ದ ಗೆರೆ, ಅಡ್ಡ ಗೆರೆ ಬರುತ್ತವೆ. 3ರ ಸುಮಾರಿಗೆ ಸುತ್ತು ಶುರುವಾದಲ್ಲಿಗೇ ಬಂದು ಮುಚ್ಚಿಕೊಳ್ಳುತ್ತದೆ. 4ರ ಆಚೀಚೆ ಒಂದು ಗೆರೆಯ ಮೇಲೆ ಇನ್ನೊಂದನ್ನು ದಾಟಿಸುವುದು ಬರುತ್ತದೆ. ಚೌಕ 5ರ ಹತ್ತಿರ, ತ್ರಿಕೋನ 5 ದಾಟಿದ ಮೇಲೆ, ವಜ್ರದ ಆಕಾರಕ್ಕೆ ಇನ್ನೂ ಒಂದೆರಡು ವರ್ಷ. ಈ ದಾಟಿಸುವ ಗೆರೆ ನಮಗೆ ಏನೂ ಅಲ್ಲ. ಮಗುವಿಗೆ ದೊಡ್ಡ ಕೆಲಸ. ಆಗಲೇ ಇರುವ ಗೆರೆ ಎದುರಾದಾಗ ಕೈ ನಿಲ್ಲಬಾರದು, ಹತ್ತಿ ಆಚೆ ಹೋಗಬೇಕು, ಅದೂ ನಡುವಿಗೆ ಸರಿಯಾಗಿ. ಹೊಸದಾಗಿ ಶಿಳ್ಳೆ ಹೊಡೆಯಲು ಕಲಿತ ಮಗು ದಿನವಿಡೀ ಶಿಳ್ಳೆ ಹೊಡೆಯುತ್ತದೆ ಅಲ್ವಾ? ಇದೂ ಹಾಗೆಯೇ.

ನಾನೂ ಇಂಥದ್ದೇ ಶಾಲೆಯ ಟೀಚರ್. ಒಮ್ಮೆ ನಮ್ಮ ತರಗತಿಯ ಹುಡುಗನೊಬ್ಬ ಒಂದು ಹಾಳೆಯ ತುಂಬ ಶಿಲುಬೆ ಬರೆದ. ಸಿಸ್ಟರ್ ಖುಷಿಯಾಗಿ ಅದನ್ನು ಪ್ರಾರ್ಥನೆಯ ಮೂಲೆಯಲ್ಲೇ ಅಂಟಿಸಿದರು. ಎರಡು ದಿನ ಆದಮೇಲೆ ಅವನನ್ನು ಹತ್ತಿರ ಕೂರಿಸಿಕೊಂಡು ‘ಇದೇನು ಮರಿ?’ ಅಂದೆ. ‘ಫ್ಯಾನು’ ಅಂದ. ‘ಇದು?’ ‘ಇದು ಆಫ್ ಆಗಿರೋ ಫ್ಯಾನು.’

ನಿಮ್ಮ ಮಗಳದ್ದು ನಿಜವಾಗಿಯೂ ಶಿಲುಬೆಯೇ ಇರಬಹುದು. ದಿನಾ ನೋಡುವುದನ್ನು ಮಕ್ಕಳು ಬರೆಯುತ್ತಾರೆ. ಆ ಕೋಣೆಯ ಗೋಡೆಯ ಮೇಲೆ ಶಿಲುಬೆ ಇದ್ದೇ ಇರುತ್ತದೆ. ಕೇಳಿ ನೋಡಿ, ಅಷ್ಟೆ. ಏನು ಹೇಳಿದರೂ ಹೌಹಾರಬೇಡಿ. ನೀವು ಹೌಹಾರಿದ ಗೆರೆಯನ್ನು ಅವಳು ಇನ್ನೂ ಜಾಸ್ತಿ ಬರೆಯುತ್ತಾಳೆ.

ಈಗ ಅವಳ ಮೂರು ಉತ್ತರಗಳಿಗೆ ಬರೋಣ. ನಿಮಗೆ ಅವು ‘ಏನೂ ಮಾಡಲಿಲ್ಲ’ ಅಂತ ಕೇಳಿಸಿವೆ. ಈ ಕೆಲಸದಲ್ಲಿ 20 ವರ್ಷಕ್ಕೂ ಜಾಸ್ತಿ ಕಳೆದ ನನಗೆ ಅದು ಒಂದು ಒಳ್ಳೆಯ ತರಗತಿಯ ವರದಿಯ ಹಾಗೆ ಕೇಳಿಸಿತು.

‘ನೀರು ಸುರಿದೆ.’ ಒಂದು ತಟ್ಟೆ, ಅದರಲ್ಲಿ ಎರಡು ಪುಟ್ಟ ಹೂಜಿ, ಪಕ್ಕದಲ್ಲಿ ಸ್ಪಂಜಿನ ತುಂಡು. ಮಗು ಒಂದರಿಂದ ಇನ್ನೊಂದಕ್ಕೆ ಸುರಿಯಬೇಕು. ಚೆಲ್ಲಿದರೆ ತಾನೇ ಒರೆಸಬೇಕು. ಇಟಲಿಯ ಶಿಕ್ಷಣತಜ್ಞೆ ಮಾರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನ ಬಡವರ ಕೇರಿಯೊಂದರಲ್ಲಿ ತಮ್ಮ ಮೊದಲ ಮಕ್ಕಳ ಮನೆ ತೆರೆದರು. ಅಲ್ಲಿ ರೂಪುಗೊಂಡ ಈ ತರಹದ ಕೆಲಸಗಳು ಈಗ ಎಲ್ಲ ಬಗೆಯ ಕಿಂಡರ್‌ಗಾರ್ಟನ್‌ಗಳಲ್ಲೂ ಇವೆ. ಮಗುವಿನ ಕೈಯನ್ನು ಹತ್ತಿರದಿಂದ ನೋಡಿ. ಹಿಡಿಕೆಯನ್ನು ಹೆಬ್ಬೆರಳು, ತೋರುಬೆರಳು, ನಡುಬೆರಳು ಹಿಡಿದಿರುತ್ತವೆ. ಮುಂದೆ ಪೆನ್ಸಿಲ್ ಹಿಡಿಯುವುದೂ ಅವೇ ಮೂರು. ಹೂಜಿ ಬಾಗಿದಂತೆ ಮಣಿಕಟ್ಟು ನಿಧಾನ ತಿರುಗುತ್ತದೆ. ನೀರು ಅಂಚಿಗೆ ಬಂತು ಅನ್ನುವಾಗ ಮಗು ಉಸಿರು ಹಿಡಿಯುತ್ತದೆ. ಆ ಒಂದು ಕ್ಷಣದ ಗಮನ ಇದೆಯಲ್ಲ, ನಾನು ಎಷ್ಟೋ ವರ್ಷ ಹುಡುಕಿದರೂ ಯಾವ ವರ್ಕ್‌ಶೀಟಿನಲ್ಲೂ ಅದು ಸಿಗಲಿಲ್ಲ. ಇದಾದ ಮೇಲೆ ಮರಳು ಕಾಗದದಲ್ಲಿ ಕತ್ತರಿಸಿದ ಅಕ್ಷರಗಳ ಮೇಲೆ ಬೆರಳಾಡಿಸುತ್ತಾರೆ. ಪೆನ್ಸಿಲ್ ಅದರ ನಂತರ ಬರುತ್ತದೆ.

ಇಲ್ಲಿ ನಮ್ಮವರೇ ಹಬ್ಬಿಸಿದ ಒಂದು ಮಾತನ್ನೂ ಸರಿಪಡಿಸಬೇಕು. ‘ಮಣಿಕಟ್ಟಿನ ಮೂಳೆ ಇನ್ನೂ ಬಲಿತಿಲ್ಲ, ಅದಕ್ಕೇ ಬರೆಯಿಸಬಾರದು’ ಅಂತ ಒಂದು ಎಕ್ಸ್‌ರೇ ಚಿತ್ರ ಹಿಡಿದು ಕೆಲವು ಟೀಚರುಗಳೇ ಹೇಳುತ್ತಾರೆ. ಮಣಿಕಟ್ಟಿನ 8 ಮೂಳೆಗಳು ಒಂದೊಂದಾಗಿ ವರ್ಷಗಟ್ಟಲೆ ಗಟ್ಟಿಯಾಗುತ್ತಾ ಬರುವುದು ನಿಜ. ಕೊನೆಯದು ಎಕ್ಸ್‌ರೇಯಲ್ಲಿ ಕಾಣುವಷ್ಟರಲ್ಲಿ ಮಗು ಪ್ರಾಥಮಿಕ ಶಾಲೆಯಲ್ಲಿ ಎಷ್ಟೋ ಪುಟ ಬರೆದಿರುತ್ತದೆ. ಹಾಗಾಗಿ ಮೂಳೆ ಒಂದೇ ಕಾರಣ ಅನ್ನುವುದು ಸುಳ್ಳು. ಕಾರಣ ಬೆರಳಿನ ಸಣ್ಣ ಸ್ನಾಯುಗಳ ಪಳಗು, ಭುಜದ ಸ್ಥಿರತೆ, ಕಣ್ಣು ಮತ್ತು ಕೈ ಜೊತೆಯಾಗುವುದು. ಇವು ಮೂರೂ ಬರೆದು ಬರೆದೇ ಬರಬೇಕಿಲ್ಲ. ಹಿಟ್ಟು ನಾದಿ, ಕತ್ತರಿ ಹಿಡಿದು, ಮಣಿ ಪೋಣಿಸಿ, ಮರ ಹತ್ತಿ ಬರುತ್ತವೆ.

ಮಣಿ ಅಂದಾಗ ನೆನಪಾಯಿತು. ಕ್ಯಾಥೊಲಿಕ್ ಕೋಣೆಗಳಲ್ಲಿ ಮಕ್ಕಳು ದೊಡ್ಡ ಮಣಿಗಳಿಂದ ಜಪಸರ ಪೋಣಿಸುತ್ತಾರೆ. ಮುಖ್ಯ ಸರದಲ್ಲಿ 5 ಗುಂಪು, ಗುಂಪಿಗೆ 10 ಮಣಿ, ಗುಂಪುಗಳ ನಡುವೆ ಬೇರೆ ಬಣ್ಣದ ಒಂದೊಂದು. ಸಿಸ್ಟರ್ ಅದನ್ನು ಭಕ್ತಿ ಅಂತ ಕೊಟ್ಟಿರುತ್ತಾರೆ. ಮಗುವಿನ ಬೆರಳಿಗೆ ಮಾತ್ರ ಅದು ಹತ್ತರ ಮಗ್ಗಿಯ ಮೊದಲ ಪಾಠ. ಹತ್ತಾಯಿತು, ಬಣ್ಣ ಬದಲಾಯಿತು. ಮತ್ತೆ ಹತ್ತು.

ಇದೇ ಮಾತಿಗೆ ಪಕ್ಕದ ಮನೆಯ ಹುಡುಗ. ಅವನನ್ನು ಹೀಗಳೆಯುವುದು ಬೇಡ, ಪಾಪ. ಆದರೆ 100ರವರೆಗೆ ಬರೆಯುವುದು ಬೇರೆ, 7 ಅಂದರೆ ಎಷ್ಟು ಅಂತ ಗೊತ್ತಿರುವುದು ಬೇರೆ. ಒಂದು ಡಬ್ಬಿ ಗುಂಡಿ ಇಟ್ಟು ‘7 ಕೊಡು’ ಅನ್ನಿ. ಎಣಿಸಿ ಏಳಕ್ಕೆ ನಿಲ್ಲಿಸುವ ಮಗುವಿಗೆ ಸಂಖ್ಯೆ ಗೊತ್ತು. ಹಿಡಿ ತುಂಬ ಎತ್ತಿ ಕೊಡುವ ಮಗುವಿಗೆ ಗೊತ್ತಿರುವುದು ಹಾಡು. ಆಮೇಲೆ ಅದೇ 7 ಗುಂಡಿಯನ್ನು ದೂರ ದೂರ ಹರಡಿ ‘ಈಗ ಜಾಸ್ತಿ ಆಯ್ತಾ?’ ಅಂತ ಕೇಳಿ. ಈ ವಯಸ್ಸಿನ ಬಹಳ ಮಕ್ಕಳು ‘ಹೂಂ’ ಅನ್ನುತ್ತಾರೆ. ಪಿಯಾಜೆ ಎಂಬ ಸ್ವಿಸ್ ಮನಶ್ಶಾಸ್ತ್ರಜ್ಞ ತೋರಿಸಿಕೊಟ್ಟ ಸಂಗತಿ ಇದು. ದಡ್ಡತನ ಅಲ್ಲ, ವಯಸ್ಸು. ನಿಮ್ಮ ಮಗಳ ಮೇಲೂ ಮಾಡಿ ನೋಡಿ. ಆಟದ ಹಾಗೆ, ಒಂದೇ ಸಲ. ನೆಂಟರ ಮುಂದೆ ಬೇಡ.

‘ಹುಳ ನೋಡಿದೆ.’ ಇದು ಪ್ರಾಜೆಕ್ಟ್. ಈ ಪದ ಕೇಳಿದರೆ ತಾಯಂದಿರಿಗೆ ಥರ್ಮೋಕೋಲು, ಮಿಂಚಿನ ಕಾಗದ, ರಾತ್ರಿ ಹನ್ನೊಂದು ಗಂಟೆಯ ಅಂಟು ನೆನಪಾಗುತ್ತದೆ. ಅದು ಅಮ್ಮನ ಪ್ರಾಜೆಕ್ಟ್. ಮಕ್ಕಳದ್ದು ಹೀಗಿರುತ್ತದೆ: ಯಾರೋ ಒಬ್ಬರು ಎಲೆಯ ಮೇಲೆ ಕಂಬಳಿಹುಳ ನೋಡುತ್ತಾರೆ. ‘ಇದಕ್ಕೆ ಬಾಯಿ ಎಲ್ಲಿದೆ?’ ಅಂತ ಪ್ರಶ್ನೆ ಬರುತ್ತದೆ. ಟೀಚರ್ ಉತ್ತರ ಹೇಳುವುದಿಲ್ಲ, ಒಂದು ಬಾಟಲಿ ತರುತ್ತಾರೆ. ಅದೇ ಗಿಡದ ಎಲೆ ಹಾಕುತ್ತಾರೆ. ದಿನಾ ದಾರ ಇಟ್ಟು ಹುಳದ ಉದ್ದ ಅಳೆದು, ಆ ದಾರ ಕತ್ತರಿಸಿ ಗೋಡೆಗೆ ಅಂಟಿಸುತ್ತಾರೆ. ಒಂದು ವಾರಕ್ಕೆ ಅದೇ ಒಂದು ನಕ್ಷೆ ಆಗಿರುತ್ತದೆ. ಮಕ್ಕಳು ಹೇಳಿದ್ದನ್ನು ಅವರ ಮಾತಿನಲ್ಲೇ ಟೀಚರ್ ಬರೆದುಕೊಳ್ಳುತ್ತಾರೆ. ‘ಹುಳ ಪಾಯಖಾನೆ ಮಾಡ್ತು’ ಅನ್ನುವುದೂ ಸೇರಿ. ತಾನು ಆಡಿದ ಮಾತು ಗೆರೆಯಾಗಿ ಕಾಗದದ ಮೇಲೆ ಕೂತಿತು, ನಾಳೆ ಓದಿದರೂ ಅದೇ ಮಾತು ಬರುತ್ತದೆ. ಓದು ಅಂದರೆ ಏನು ಅಂತ ಮಗುವಿಗೆ ತಿಳಿಯುವುದು ಆ ಗಳಿಗೆಯಲ್ಲಿ. ಪುಸ್ತಕದಲ್ಲಿ ಅಕ್ಷರ ಇಲ್ಲ ಅಂದಿರಲ್ಲ, ಅವಳ ಅಕ್ಷರ ಸದ್ಯಕ್ಕೆ ತರಗತಿಯ ಗೋಡೆಯ ಮೇಲೆ ಇರಬಹುದು. ಹೋಗಿ ನೋಡಿದ್ದೀರಾ?

ಇಂಥ ಶಾಲೆಗಳಲ್ಲಿ ಚಿಟ್ಟೆಗೆ ಇನ್ನೊಂದು ಕೆಲಸವೂ ಇದೆ. ಗೂಡು ಸೀಳಿ ಚಿಟ್ಟೆ ಬರುವುದನ್ನು ಈಸ್ಟರ್ ಹಬ್ಬಕ್ಕೆ, ಯೇಸು ಮತ್ತೆ ಎದ್ದು ಬಂದ ಕಥೆಗೆ ಜೋಡಿಸುತ್ತಾರೆ. ತಪ್ಪೇನಿಲ್ಲ. ನನ್ನ ಅಭಿಪ್ರಾಯ ಮಾತ್ರ ಬೇರೆ: ಎರಡನ್ನೂ ಒಂದೇ ದಿನ ಹೇಳಬಾರದು. ಮೊಟ್ಟೆ, ಹುಳ, ಗೂಡು, ಚಿಟ್ಟೆ, ಈ ನಾಲ್ಕೂ ಹಂತ ಮುಗಿಯಲಿ. ಹುಳ ಸತ್ತು ಚಿಟ್ಟೆ ಆಗಿದ್ದಲ್ಲ, ಹುಳವೇ ಚಿಟ್ಟೆ ಆಗಿದ್ದು ಅಂತ ಮಗುವಿಗೆ ಪಕ್ಕಾ ಆಗಲಿ. ಕಥೆಗೆ ಇನ್ನೊಂದು ದಿನ ಇದೆ. ಈ ವಯಸ್ಸಿನಲ್ಲಿ ಹೋಲಿಕೆ ಅನ್ನುವುದು ಇಲ್ಲ, ಹೇಳಿದ್ದೆಲ್ಲ ನಿಜವೇ.

‘ಸುಮ್ನೆ ಕೂತ್ಕೊಂಡ್ವಿ.’ ಇದು ಮೌನದ ಆಟ, ಮಾಂಟೆಸ್ಸರಿ ಕಾಲದ್ದೇ. ಎಲ್ಲರೂ ಕಣ್ಣು ಮುಚ್ಚಿ ಕೂರುತ್ತಾರೆ. ಟೀಚರ್ ಕೋಣೆಯ ಆಚೆ ತುದಿಯಿಂದ ಒಬ್ಬೊಬ್ಬರ ಹೆಸರು ಪಿಸುಗುಟ್ಟುತ್ತಾರೆ. ಹೆಸರು ಬಂದವರು ಕಾಲಸಪ್ಪಳ ಮಾಡದೆ ಎದ್ದು ಹೋಗಬೇಕು. ತನ್ನ ಸರದಿಗೆ ಕಾಯುತ್ತಾ ಮೈ ಬಿಗಿಹಿಡಿದು ಕೂತ 4 ವರ್ಷದ ಮಗು ತನ್ನನ್ನು ತಾನೇ ಆಳುವುದನ್ನು ಕಲಿಯುತ್ತಿರುತ್ತದೆ. ಮುಂದೆ ಓದುವುದಕ್ಕೂ ಲೆಕ್ಕಕ್ಕೂ ಬೇಕಾದ್ದು ಇದೇ. ಕ್ಯಾಥೊಲಿಕ್ ಕೋಣೆಯಲ್ಲಿ ಇದರ ಹಿಂದೆಯೇ ಪ್ರಾರ್ಥನೆ ಇರುತ್ತದೆ, ಅಷ್ಟೇ ವ್ಯತ್ಯಾಸ.

ಪ್ರಾರ್ಥನೆ, ಪಾಠ ಎರಡನ್ನೂ ಅಲ್ಲಿ ಬೇರೆ ಬೇರೆ ಮಾಡುವುದು ಕಷ್ಟ. ವರ್ಷವನ್ನೇ ಅವರು ಬಣ್ಣಗಳಲ್ಲಿ ಎಣಿಸುತ್ತಾರೆ. ಸಾಮಾನ್ಯ ಕಾಲಕ್ಕೆ ಹಸಿರು, ಕ್ರಿಸ್ಮಸ್ ಮುಂಚಿನ ಆಗಮನ ಕಾಲಕ್ಕೂ ಈಸ್ಟರ್ ಮುಂಚಿನ ತಪಸ್ಸು ಕಾಲಕ್ಕೂ ನೇರಳೆ, ಹಬ್ಬಕ್ಕೆ ಬಿಳಿ. ಪ್ರಾರ್ಥನೆಯ ಮೇಜಿನ ಬಟ್ಟೆ ಬದಲಾಯಿಸುವುದು ಮಕ್ಕಳದ್ದೇ ಕೆಲಸ. ಕಾಲ ಅನ್ನುವುದು ಸರಿಯುತ್ತದೆ ಅಂತ ಗೊತ್ತಾಗುವುದಕ್ಕೆ ಇದಕ್ಕಿಂತ ಸುಲಭದ ಕ್ಯಾಲೆಂಡರ್ ಬೇಕಾ? ಆಗಮನ ಕಾಲದ ಹಸಿರು ಚಕ್ರ, ಅದರ ಮೇಲಿನ 4 ಮೇಣದಬತ್ತಿಗಳನ್ನು ನೀವು ನೋಡಿರಬಹುದು. ಅದು ಹುಟ್ಟಿದ್ದೇ ಮಕ್ಕಳ ಪ್ರಶ್ನೆಯಿಂದ. 1839ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಬಡ ಮಕ್ಕಳ ಆಶ್ರಮ ನಡೆಸುತ್ತಿದ್ದ ವಿಖರ್ನ್ ಎಂಬ ಧರ್ಮಶಾಸ್ತ್ರಜ್ಞರಿಗೆ ‘ಕ್ರಿಸ್ಮಸ್‌ಗೆ ಇನ್ನೆಷ್ಟು ದಿನ?’ ಅಂತ ಮಕ್ಕಳು ಪೀಡಿಸುತ್ತಿದ್ದರಂತೆ. ಅವರು ಗಾಡಿ ಚಕ್ರವೊಂದರ ಮೇಲೆ ಭಾನುವಾರಗಳಿಗೆ ದೊಡ್ಡ ಬತ್ತಿ, ನಡುವಿನ ದಿನಗಳಿಗೆ ಚಿಕ್ಕ ಬತ್ತಿ ಇಟ್ಟು ದಿನಕ್ಕೊಂದು ಹಚ್ಚಿಸಿದರು. ವಿಖರ್ನ್ ಪ್ರಾಟೆಸ್ಟೆಂಟರು. ಕ್ಯಾಥೊಲಿಕರು ಆಮೇಲೆ ಎತ್ತಿಕೊಂಡರು.

ಕಿಂಡರ್‌ಗಾರ್ಟನ್ನಿನ ಕಥೆಯೂ ಹಾಗೆಯೇ ತಮಾಷೆ. ಫ್ರೊಬೆಲ್ ಎಂಬ ಶಿಕ್ಷಣತಜ್ಞ 1837ರಲ್ಲಿ ಜರ್ಮನಿಯ ಬ್ಲಾಂಕೆನ್‌ಬರ್ಗ್‌ನಲ್ಲಿ ಶುರುಮಾಡಿ 1840ರಲ್ಲಿ ಅದಕ್ಕೆ ಈ ಹೆಸರಿಟ್ಟರು. ಅರ್ಥ, ಮಕ್ಕಳ ತೋಟ. 1851ರಲ್ಲಿ ಜರ್ಮನ್ ರಾಜ್ಯಗಳಲ್ಲಿ ಒಂದಾದ ಪ್ರಷ್ಯದ ಸರ್ಕಾರ ಅದನ್ನು ನಿಷೇಧಿಸಿತು. ಯಾಕೆ ಗೊತ್ತಾ? ಇವು ಮಕ್ಕಳಿಗೆ ನಾಸ್ತಿಕತೆ ಕಲಿಸುತ್ತವೆ ಅಂತ. ನಿಷೇಧ ತೆಗೆದದ್ದು 1860ರಲ್ಲಿ, ಫ್ರೊಬೆಲ್ ತೀರಿಕೊಂಡು 8 ವರ್ಷ ಆದಮೇಲೆ. ನಿಮ್ಮ ಮನೆಯ ಹಿರಿಯರಿಗೆ ಈ ಕಥೆ ಹೇಳಿ ನೋಡಿ.

ಆದರೂ ಅವರ ಭಯ ಸುಳ್ಳಲ್ಲ, ಅದಕ್ಕೆ ನೇರ ಉತ್ತರ ಕೊಡಬೇಕು. ‘ನಮಗೆ ಗೊತ್ತಿಲ್ಲದೆ ಮತಕ್ಕೆ ಸೇರಿಸಿಬಿಡುತ್ತಾರಾ?’ ಇಲ್ಲ. ಪುಟ್ಟ ಮಗುವಿಗೆ ದೀಕ್ಷಾಸ್ನಾನ, ಅಂದರೆ ಮತಕ್ಕೆ ಸೇರಿಸಿಕೊಳ್ಳುವ ಸಂಸ್ಕಾರ, ಕೊಡಲು ತಂದೆ ತಾಯಿಯರಲ್ಲಿ ಒಬ್ಬರಾದರೂ ಒಪ್ಪಿರಬೇಕು ಅಂತ ಚರ್ಚಿನ 1983ರ ಕಾನೂನು ಸಂಹಿತೆಯೇ ಹೇಳುತ್ತದೆ. ಜೀವ ಹೋಗುವ ತುರ್ತಿನ ಮಾತು ಬೇರೆ, ಅದಕ್ಕೂ ತರಗತಿಗೂ ಸಂಬಂಧ ಇಲ್ಲ. ಚರ್ಚಿನ ಪೂಜೆಯಲ್ಲಿ ಕೊಡುವ ರೊಟ್ಟಿ, ಪರಮಪ್ರಸಾದ, ಅವರ ಮಕ್ಕಳಿಗೇ ಸುಮಾರು 7 ವರ್ಷದ ಮೊದಲು ಸಿಗುವುದಿಲ್ಲ. ಮಕ್ಕಳಿಗೆ ಯಾವ ಬಗೆಯ ಧರ್ಮಶಿಕ್ಷಣ ಬೇಕು ಅನ್ನುವುದನ್ನು ತೀರ್ಮಾನಿಸುವ ಹಕ್ಕು ತಂದೆ ತಾಯಿಯದು ಅಂತ ಕ್ಯಾಥೊಲಿಕ್ ಬಿಷಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸ್ಪಷ್ಟವಾಗಿ ಹೇಳಿದೆ. ಆದ್ದರಿಂದ ನೀವು ಹೋಗಿ ಕೇಳುವುದು ಜಗಳ ತೆಗೆದ ಹಾಗಲ್ಲ. ಅವರದೇ ನಿಯಮದ ಪ್ರಕಾರ ನಿಮ್ಮ ಕೆಲಸ ಅದು. ಹಾಗಂತ ಅಲ್ಲಿ ಧರ್ಮವೇ ಇಲ್ಲ ಅಂತಲೂ ನಾನು ಹೇಳುವುದಿಲ್ಲ. ಹಾಡು, ಕಥೆ, ಕ್ರಿಸ್ಮಸ್ ಗೋದಲಿ ಎಲ್ಲ ಇರುತ್ತವೆ. ಕೈ ಜೋಡಿಸುವುದು ಅವಳ ಪಾಲಿಗೆ ಸದ್ಯಕ್ಕೆ ಊಟದ ಮುಂಚಿನ ಒಂದು ಕ್ರಮ, ಕೈ ತೊಳೆಯುವ ಹಾಗೆ. ನಿಮ್ಮ ಮನೆಯಲ್ಲಿ ಏನು ನಡೆಯುತ್ತದೋ ಅದು ನಡೆಯುತ್ತಾ ಇರಲಿ. ‘ಅಲ್ಲಿ ಹಾಗೆ, ನಮ್ಮನೇಲಿ ಹೀಗೆ’ ಅನ್ನುವುದನ್ನು ಮಕ್ಕಳು ನಾವು ಅಂದುಕೊಂಡದ್ದಕ್ಕಿಂತ ಸಲೀಸಾಗಿ ಒಪ್ಪಿಕೊಳ್ಳುತ್ತಾರೆ.

ಈಗ ನೀವು ಕೇಳದೆ ಬಿಟ್ಟದ್ದು. ನೋಡಬೇಕಾದ್ದು ಯಾವ ದೇವರು ಅಂತ ಅಲ್ಲ. ದೇವರನ್ನು ಯಾವುದಕ್ಕೆ ಬಳಸುತ್ತಿದ್ದಾರೆ ಅಂತ. ನನ್ನದೇ ತಪ್ಪು ಹೇಳುತ್ತೇನೆ. ಅಕ್ಟೋಬರ್ 2 ಕಾವಲು ದೇವದೂತರ ಹಬ್ಬ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಆ ದಿನ ಮಕ್ಕಳಿಗೆ ‘ನಿಮ್ಮ ದೇವದೂತ ನೀವು ಎಲ್ಲೇ ಹೋದರೂ ಜೊತೆಗಿರುತ್ತಾನೆ, ಯಾವಾಗಲೂ ನೋಡುತ್ತಿರುತ್ತಾನೆ’ ಅಂದೆ. ಧೈರ್ಯ ಬರಲಿ ಅಂತ ಹೇಳಿದ್ದು. ಮಾರನೇ ದಿನದಿಂದ ಒಂದು ಮಗು ಟಾಯ್ಲೆಟ್‌ಗೆ ಹೋಗುವುದನ್ನೇ ಬಿಟ್ಟಿತು. ಚಡ್ಡಿ ಒದ್ದೆ ಮಾಡಿಕೊಂಡರೂ ಸರಿ, ಹೋಗುವುದಿಲ್ಲ. ಕಾರಣ ತಿಳಿಯಲು ನಾಲ್ಕು ದಿನ ಬೇಕಾಯಿತು. ಕೊನೆಗೆ ಅಮ್ಮನ ಕಿವಿಯಲ್ಲಿ ಹೇಳಿದ್ದಂತೆ, ‘ಅವನು ನೋಡ್ತಾನೆ.’ ದೇವದೂತ ಬಾಗಿಲ ಹೊರಗೆ ನಿಲ್ಲುತ್ತಾನೆ ಅಂತ ಒಪ್ಪಂದ ಮಾಡಿಕೊಂಡ ಮೇಲೆ ಸರಿಹೋಯಿತು.

ಒಳ್ಳೆಯ ಮಾತಿಗೇ ಹೀಗಾದರೆ, ‘ಗಲಾಟೆ ಮಾಡಿದರೆ ಯೇಸು ಅಳುತ್ತಾನೆ’, ‘ಪಾಪ ಬರುತ್ತೆ’, ‘ನರಕ’ ಅನ್ನುವ ಮಾತು ಏನು ಮಾಡೀತು ಯೋಚಿಸಿ. ದೇವರ ಹೆಸರಲ್ಲಿ ಮಕ್ಕಳನ್ನು ಸುಮ್ಮನಿರಿಸುವ ಟೀಚರುಗಳು ಎಲ್ಲ ಧರ್ಮದ ಶಾಲೆಗಳಲ್ಲೂ ಇದ್ದಾರೆ. ನಿಮ್ಮ ಮಗಳು ರಾತ್ರಿ ಬೆಚ್ಚುತ್ತಾಳಾ, ಸಣ್ಣ ತಪ್ಪಿಗೂ ಪದೇಪದೇ ಕ್ಷಮೆ ಕೇಳುತ್ತಾಳಾ, ‘ನಾನು ಕೆಟ್ಟವಳಾ?’ ಅನ್ನುತ್ತಾಳಾ? ಇಂಥದ್ದು ಕಂಡರೆ ತಡಮಾಡಬೇಡಿ, ಹೋಗಿ ಮಾತಾಡಿ. ನಿಮ್ಮ ಪತ್ರದಲ್ಲಿ ಅದರ ಸುಳಿವು ನನಗೆ ಕಾಣಲಿಲ್ಲ.

ಏನು ಮಾಡಬಹುದು ಅಂತ ಹೇಳುತ್ತೇನೆ. ಮೊದಲು, ಒಂದು ಬೆಳಿಗ್ಗೆ ತರಗತಿಯಲ್ಲಿ ಕೂರಲು ಅನುಮತಿ ಕೇಳಿ. ಗೋಡೆ ನೋಡಿ. 25 ಮಕ್ಕಳ 25 ಚಿಟ್ಟೆ ಒಂದೇ ಅಚ್ಚಿನಲ್ಲಿ ಇದ್ದರೆ ಅದನ್ನು ಟೀಚರ್ ಕತ್ತರಿಸಿದ್ದು, ಅಲ್ಲಿ ಪ್ರಾಜೆಕ್ಟ್ ಹೆಸರಿಗೆ ಮಾತ್ರ. ಒಂದರ ರೆಕ್ಕೆ ಸೊಟ್ಟ, ಇನ್ನೊಂದಕ್ಕೆ 11 ಕಾಲು ಇದ್ದರೆ ನೆಮ್ಮದಿಯಾಗಿ ಮನೆಗೆ ಬನ್ನಿ. ಹೊರಡುವ ಮುಂಚೆ ‘ವರ್ಷದ ಕೊನೆಗೆ ಇವಳಿಗೆ ಏನೇನು ಬರಬೇಕು ಅಂತ ನಿಮ್ಮ ನಿರೀಕ್ಷೆ?’ ಅಂತ ಕೇಳಿ. ಒಳ್ಳೆಯ ಟೀಚರ್‌ಗೆ ಉತ್ತರ ಸಿದ್ಧವಿರುತ್ತದೆ. ‘ಆಟ ಆಡ್ಲಿ ಬಿಡಿ’ ಅಂತ ತೇಲಿಸಿದರೆ ನನಗೂ ಅನುಮಾನ ಬರುತ್ತದೆ.

ಪ್ರಾರ್ಥನೆಯಿಂದ ಅವಳನ್ನು ಬಿಟ್ಟುಬಿಡಿ ಅಂತ ಕೇಳಬಹುದು. ಅಪಾಯ ಏನೆಂದರೆ, ಎಲ್ಲರೂ ವೃತ್ತದಲ್ಲಿ ಕೂತಾಗ ಒಬ್ಬಳೇ ಹೊರಗೆ ನಿಂತರೆ ಅವಳಿಗೆ ಅದು ಶಿಕ್ಷೆ ಅನಿಸುತ್ತದೆ. ‘ಜೊತೆಗೆ ಕೂರಲಿ, ಹೇಳಲೇಬೇಕು ಅಂತ ಒತ್ತಾಯ ಬೇಡ’ ಅನ್ನುವುದು ಉತ್ತಮ. ಮನೆಯಲ್ಲಿ ದಿನಾ ಅರ್ಧ ಗಂಟೆ ಕೂರಿಸಿ ಬರೆಯಿಸಬಹುದು. ಬರೆಯುತ್ತಾಳೆ ಕೂಡ. ಆದರೆ ಪಳಗದ ಕೈಗೆ ಪೆನ್ಸಿಲ್ ಕೊಟ್ಟರೆ ಮುಷ್ಟಿಯಲ್ಲಿ ಹಿಡಿಯುವುದು ರೂಢಿಯಾಗುತ್ತದೆ, ಆಮೇಲೆ ಬಿಡಿಸುವುದು ಭಾರಿ ಕಷ್ಟ. ಬೇಕಿದ್ದರೆ ಅವಳ ಹೆಸರಿನ ಮೊದಲ ಅಕ್ಷರ ಒಂದನ್ನು ಮರಳಲ್ಲಿ ಬೆರಳಿಂದ ಬರೆಯಿಸಿ. ಅವಳು ಕೇಳಿದರೆ ಎರಡನೆಯದು.

ಶಾಲೆ ಬದಲಾಯಿಸುವುದು ಕೊನೆಯ ದಾರಿ. ನಾಲ್ಕು ತಿಂಗಳಲ್ಲಿ ಕಟ್ಟಿಕೊಂಡ ಗೆಳೆತನ, ಕೋಣೆಯ ಪರಿಚಯ ಎಲ್ಲ ಮತ್ತೆ ಮೊದಲಿಂದ. ಭಯ ಹುಟ್ಟಿಸುವ ಮಾತು ನಡೆಯುತ್ತಿದ್ದು, ಹೇಳಿದರೂ ನಿಲ್ಲದಿದ್ದರೆ ಬದಲಾಯಿಸಿ. ಅಕ್ಷರ ಬರೆಯಿಸಲಿಲ್ಲ ಅಂತ ಬದಲಾಯಿಸಬೇಡಿ. ಒಂದು ಮಾತು: 5 ತುಂಬಿದ ಮೇಲೂ ಹೊರಗಿನವರಿಗೆ ಅವಳ ಮಾತು ಅರ್ಥವಾಗದಿದ್ದರೆ, ಕರೆದರೆ ತಿರುಗದಿದ್ದರೆ, ಎರಡು ಹಂತದ ಸೂಚನೆ ಪಾಲಿಸಲು ಆಗದಿದ್ದರೆ ಮಕ್ಕಳ ವೈದ್ಯರನ್ನು ನೋಡಿ, ಕಿವಿಯನ್ನೂ ಪರೀಕ್ಷೆ ಮಾಡಿಸಿ. ಅದಕ್ಕೂ ಶಾಲೆಗೂ ಸಂಬಂಧವಿಲ್ಲ.

ಇನ್ನು ಆ ಕಾಳು. ಅಪರಾಧ ಏನಲ್ಲ, ಎಷ್ಟೋ ಟೀಚರುಗಳೂ ಹಾಗೆ ಮಾಡಿದ್ದಾರೆ. ಆದರೆ ಅವಳಿಗೆ ಸಿಗಬೇಕಾಗಿದ್ದ ಒಂದು ಪಾಠ ನಿಮ್ಮ ಕೈಯಲ್ಲಿ ಕಳೆದುಹೋಯಿತು. ಕಾಳು ಮೊಳೆಯದೆ ಹೋಗುವುದಕ್ಕೆ ಸಾಮಾನ್ಯ ಕಾರಣ ಪ್ರೀತಿ ಜಾಸ್ತಿಯಾಗಿ ನೀರು ಜಾಸ್ತಿ ಸುರಿಯುವುದು. ನೀರಿನಲ್ಲಿ ಮುಳುಗಿದ ಕಾಳಿಗೆ ಗಾಳಿ ಸಿಗುವುದಿಲ್ಲ, ಕೊಳೆಯುತ್ತದೆ. ಸುರಿಯುವುದರಲ್ಲಿ ಅವಳು ಪಳಗುತ್ತಿದ್ದಾಳೆ ಅಂತ ನಿಮಗೀಗ ಗೊತ್ತಲ್ಲ! ಎರಡು ಲೋಟ ತನ್ನಿ. ಎರಡರಲ್ಲೂ ಹತ್ತಿ, ಹತ್ತಿಯ ಮೇಲೆ ಮೂರು ಮೂರು ಕಾಳು. ಒಂದಕ್ಕೆ ಹತ್ತಿ ಒದ್ದೆಯಾಗುವಷ್ಟು ನೀರು, ಇನ್ನೊಂದಕ್ಕೆ ಕಾಳು ಮುಳುಗುವಷ್ಟು. ಯಾವುದು ಮೊಳೆಯುತ್ತದೆ ಅಂತ ಅವಳು ಈಗಲೇ ಹೇಳಲಿ, ಹೇಳಿದ್ದನ್ನು ನೀವು ಒಂದು ಚೀಟಿಯಲ್ಲಿ ಬರೆದು ಲೋಟಕ್ಕೆ ಅಂಟಿಸಿ. ವಾರ ಕಾಯಿರಿ. ಹಳೆಯ ಕಾಳಿನ ಗುಟ್ಟನ್ನೂ ಆಗ ಹೇಳಬಹುದು. ಮುಳುಗಿದ ಲೋಟವನ್ನು ಮಾತ್ರ ಅವಳು ಮೂಸಿ ನೋಡುವ ಮೊದಲೇ ಎಸೆಯಬೇಡಿ.